ನಿಮ್ಮ ಮನೆಯ ಗಣಕ ಯಾವ ಭಾಷೆಯಲ್ಲಿ ಕಣ್ಣು ಬಿಡುತ್ತದೆ?



ಅಂಗಡಿಗಳ ನಾಮಫಲಕದಲ್ಲಿ ಕನ್ನಡ ಎಷ್ಟಿದೆ ಎಂದು ನಾವು ಗೇಣು ಹಾಕಿ ಅಳೆಯುತ್ತೇವೆ. ಅಳೆಯಲೇಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿ, ಫಲಕದ ಶೇಕಡಾ 60 ಭಾಗ ಕನ್ನಡವೇ ಇರಬೇಕೆಂದು ಹೇಳುತ್ತದೆ. ಹಂಪನಕಟ್ಟೆ, ಕಂಕನಾಡಿ, ಬಿಜೈಗಳಲ್ಲಿ ಕತ್ತೆತ್ತಿ ನೋಡುವ ಆ ಫಲಕಗಳ ಮಾತು ಇವತ್ತು ಬೇಡ. ನಿಮ್ಮ ಮನೆಯೊಳಗೇ, ಮೇಜಿನ ಮೇಲೇ ಒಂದು ಫಲಕವಿದೆ. ದಿನಕ್ಕೆ ನಾಲ್ಕು ಬಾರಿ ನೀವೇ ಅದರ ಗುಂಡಿ ಒತ್ತುತ್ತೀರಿ. ಅದು ಬೆಳಗುತ್ತದೆ, ಮಾತಾಡುತ್ತದೆ. ನಿಮ್ಮ ಮಗಳು ಅದರ ಮುಂದೆ ಕೂತು ಶಾಲೆಯ ಪಾಠ ಬರೆಯುತ್ತಾಳೆ, ನಿಮ್ಮ ತಾಯಿ ಅದರಲ್ಲಿ ದುಬೈಯಲ್ಲಿರುವ ಮೊಮ್ಮಗನ ಮುಖ ನೋಡುತ್ತಾರೆ. ಹೇಳಿ, ಆ ಫಲಕದಲ್ಲಿ ಕನ್ನಡ ಶೇಕಡಾ ಎಷ್ಟು? ಬಹುತೇಕ ಮನೆಗಳಲ್ಲಿ ಸೊನ್ನೆ! ಅದಕ್ಕೆ ಯಾವ ಸರ್ಕಾರವೂ ಕಾರಣವಲ್ಲ, ಯಾವ ಪರಭಾಷಿಕನೂ ಕಾರಣವಲ್ಲ. ಭಾಷೆ ಯಾವುದೆಂದು ಗಣಕ ಒಮ್ಮೆ ಕೇಳಿತ್ತು. ಅಂಗಡಿಯ ಹುಡುಗ ನಿಮ್ಮ ಪರವಾಗಿ ಇಂಗ್ಲಿಷ್ ಎಂದು ಒತ್ತಿಬಿಟ್ಟ. ಅಷ್ಟೇ.

ಆ ಪ್ರಶ್ನೆ ಮತ್ತೊಮ್ಮೆ ಕೇಳಿಬರುವ ಕಾಲ ಬಂದಿರುವುದರಿಂದಲೇ ಈ ಸಂಪಾದಕೀಯ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆದಾರರಿಗೆಂದು ಒಂದು ವರ್ಷದ ಹೆಚ್ಚುವರಿ ಭದ್ರತೆಯ ಏರ್ಪಾಟನ್ನೇನೋ ಆಗ ಪ್ರಕಟಿಸಿತು. ಆದರೆ ಅದು ಸಾಯುವವನ ಬಾಯಿಗೆ ಬಿಟ್ಟ ನೀರಿನಂತೆ. ಮುಂದಿನ ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸುಮಾರಾಗಿ ಎಂಟನೇ ಪೀಳಿಗೆಯದ್ದೋ ಅದರ ಮೇಲಿನದ್ದೋ ಇರಬೇಕು. ಎಂಟನೇ ಪೀಳಿಗೆ ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅದಕ್ಕೂ ಮುಂಚೆ ಕೊಂಡ ಯಂತ್ರ ಚೆನ್ನಾಗಿಯೇ ನಡೆಯುತ್ತಿದ್ದರೂ ಈ ಲೆಕ್ಕದಲ್ಲಿ ಗುಜರಿ! ಅಂಗಡಿಗೆ ಕೊಂಡುಹೋದರೆ ‘ಹೊಸತು ತೆಗೊಳ್ಳಿ’ ಎನ್ನುತ್ತಾರೆ. ಮಳೆಗಾಲದ ಪಸೆಗೂ ಸಿಡಿಲಿಗೂ ಬಗ್ಗದೆ ಹತ್ತು ವರ್ಷ ನಡೆದ ಯಂತ್ರವನ್ನು ಎಲ್ಲೋ ಕೂತ ಕಂಪನಿಯ ಒಂದು ತಾರೀಖಿಗಾಗಿ ಬಿಸಾಡಬೇಕೇ?

ಬೇಡ. ಲಿನಕ್ಸ್ ಇದೆ. ಡೆಬಿಯನ್, ಉಬುಂಟು, ಫೆಡೋರಾ ಹೀಗೆ ಹಲವು ಹೆಸರಿನಲ್ಲಿ ಸಿಗುತ್ತದೆ. ದುಡ್ಡಿಲ್ಲ, ಕದ್ದ ಪ್ರತಿಯೆಂಬ ಅಳುಕೂ ಇಲ್ಲ. ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಈಗ ನಗರದಲ್ಲಿ ಹಲವರು ಈ ದಾರಿ ಹಿಡಿಯುತ್ತಿದ್ದಾರೆ. ಸಂತೋಷ. ಆದರೆ ಇಂಗ್ಲಿಷ್ ವಿಂಡೋಸ್ ತೆಗೆದು ಇಂಗ್ಲಿಷ್ ಲಿನಕ್ಸ್ ಕೂರಿಸಿಕೊಂಡರೆ ಕನ್ನಡಕ್ಕೆ ಬಂದದ್ದೇನು? ಬಾಡಿಗೆ ಮನೆ ಬದಲಿಸಿದಂತೆ ಆಯಿತು, ಬಾಗಿಲ ಮೇಲಿನ ಹೆಸರು ಮಾತ್ರ ಹಿಂದಿನವರದ್ದೇ.

ಹೊಸ ವ್ಯವಸ್ಥೆಗೆ ಹೋಗುವ ಮುನ್ನ ಅದು ಏಳುವ ಬಗೆಯನ್ನು ತಿಳಿದಿರುವುದು ಒಳ್ಳೆಯದು. ಇದನ್ನು ಬಲ್ಲವರು ‘ಬೂಟ್’ ಎನ್ನುತ್ತಾರೆ. ಕಾಲಿಗೆ ತೊಡುವುದಲ್ಲ ಮಾರಾಯರೇ! ಗುಂಡಿ ಒತ್ತಿದೊಡನೆ ಮೊದಲು ಏಳುವುದು ಮದರ್‌ಬೋರ್ಡಿನೊಳಗೇ ಬರೆದಿಟ್ಟ ಪುಟ್ಟ ತಂತ್ರಾಂಶ. ಅದು ಡಿಸ್ಕಿನಲ್ಲಿರುವ ‘ಗ್ರಬ್’ ಎಂಬ ದ್ವಾರಪಾಲಕನನ್ನು ಕರೆಯುತ್ತದೆ. ಎರಡು ವ್ಯವಸ್ಥೆ ಇಟ್ಟುಕೊಂಡವರಿಗೆ ‘ಇವತ್ತು ಯಾವುದು?’ ಎಂದು ಕೇಳುವವನು ಇವನೇ. ಗ್ರಬ್ ಲಿನಕ್ಸಿನ ತಿರುಳನ್ನು ಎಬ್ಬಿಸುತ್ತದೆ. ತಿರುಳು ಎದ್ದು ಮೊಟ್ಟಮೊದಲು ಒಂದು ಕಾರ್ಯಕ್ರಮವನ್ನು ಓಡಿಸುತ್ತದೆ. ಅದರ ಕ್ರಮಸಂಖ್ಯೆಯೇ 1. ಮಿಕ್ಕ ಸಮಸ್ತ ಕೆಲಸವನ್ನೂ, ಅಂದರೆ ಡಿಸ್ಕು, ಜಾಲ, ಧ್ವನಿ, ಪ್ರಿಂಟರ್, ಕೊನೆಗೆ ನಿಮ್ಮ ಹೆಸರು ಕೇಳುವ ಪರದೆ ಎಲ್ಲವನ್ನೂ ಎಬ್ಬಿಸುವ ಯಜಮಾನ ಅದು.

ಈ ಯಜಮಾನನೇ ಕೆಲವು ವರ್ಷಗಳ ಹಿಂದೆ ಬದಲಾದ. ಹಳೆಯ ಕ್ರಮದಲ್ಲಿ ಒಂದರ ಹಿಂದೆ ಒಂದು ಪಟ್ಟಿ ಓದಿ ಕೆಲಸ ಮುಗಿಸಬೇಕಿತ್ತು. ಯಕ್ಷಗಾನದ ಚೌಕಿಯಲ್ಲಿ ಒಬ್ಬನ ಬಣ್ಣ ಮುಗಿದ ಮೇಲೆಯೇ ಇನ್ನೊಬ್ಬ ಕನ್ನಡಿ ಹಿಡಿಯಬೇಕು ಎಂದರೆ ಆಟ ಶುರುವಾಗುವಾಗ ಕೋಳಿ ಕೂಗೀತು! ಈಗಿನ ಯಜಮಾನನ ಹೆಸರು ‘ಸಿಸ್ಟಮ್‌ಡಿ’. 2010ರಲ್ಲಿ ಶುರುವಾದದ್ದು. ಯಾರಿಗೆ ಯಾರ ಕೆಲಸ ಮುಗಿಯಬೇಕು ಎಂದು ನೋಡಿಕೊಂಡು, ಕಾಯಬೇಕಿಲ್ಲದವರನ್ನೆಲ್ಲ ಒಟ್ಟಿಗೆ ಎಬ್ಬಿಸುತ್ತದೆ. 2011ರಲ್ಲಿ ಫೆಡೋರಾ ಅದನ್ನು ಒಪ್ಪಿಕೊಂಡಿತು. ಡೆಬಿಯನ್‌ನಲ್ಲಿ ಇದು ದೊಡ್ಡ ಜಗಳವೇ ಆಯಿತು. 2014ರ ಫೆಬ್ರವರಿಯಲ್ಲಿ ಎಂಟು ಜನರ ತಾಂತ್ರಿಕ ಸಮಿತಿ ಸರಿಸಮ ಹೋಳಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಸೋತ ಪಕ್ಷದ ಕೆಲವರು ಹೊರಬಿದ್ದು ‘ದೇವುವಾನ್’ ಎಂಬ ಬೇರೆ ಮನೆಯನ್ನೇ ಕಟ್ಟಿಕೊಂಡರು. 2015ರ ಏಪ್ರಿಲ್‌ನಿಂದ ಡೆಬಿಯನ್, ಉಬುಂಟು ಎರಡೂ ಹೊಸ ಯಜಮಾನನ ಕೈಕೆಳಗೆ ಬಂದವು. 2019ರಲ್ಲಿ ಡೆಬಿಯನ್ ಸದಸ್ಯರು ಅದೇ ವಿಷಯಕ್ಕೆ ಮತ್ತೆ ಮತ ಹಾಕಿದರು!

ಗಣಕ ಏಳುವಾಗ ಮೊದಲು ಎದ್ದೇಳುವ ಕಾರ್ಯಕ್ರಮ ಯಾವುದೆಂದು ಈ ಜನ ವರ್ಷಗಟ್ಟಲೆ ಬಹಿರಂಗವಾಗಿ ಹೊಡೆದಾಡಿದ್ದಾರೆ. ತಮ್ಮ ಯಂತ್ರದ ಮೇಲೆ ತಮಗೆ ಹಕ್ಕಿದೆ ಎಂದು ನಂಬಿದವರ ಜಗಳ ಅದು. ನಮಗೆ ಆ ಜಗಳದಲ್ಲಿ ಪಕ್ಷವಿಲ್ಲ. ಯಜಮಾನ ಯಾರೇ ಆಗಿರಲಿ, ಅವನು ನಮ್ಮೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾನೆ ಎಂಬುದು ನಮ್ಮ ಪ್ರಶ್ನೆ. ಆ ಪ್ರಶ್ನೆಯನ್ನು ನಮ್ಮ ಪರವಾಗಿ ಬೇರೆ ಯಾರೂ ಎತ್ತುವುದಿಲ್ಲ.

ಸುಳ್ಳು ಹೇಳಿ ನಿಮ್ಮನ್ನು ಹುರಿದುಂಬಿಸುವುದು ಬೇಡ. ಲಿನಕ್ಸಿನಲ್ಲೂ ಆರಂಭದ ಮಾತು ಇಂಗ್ಲಿಷೇ. ಕರಿ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ‘ಓಕೆ’, ‘ಓಕೆ’ ಎಂದು ಸಾಲುಸಾಲು ಓಡುತ್ತದೆ. ಏನಾದರೂ ಕೆಟ್ಟರೆ ಕೆಂಪಿನಲ್ಲಿ ‘ಫೇಲ್ಡ್’. ನಮ್ಮೂರಿನ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ನೆನಪಿಸಿಕೊಳ್ಳಿ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ. ಮತ್ತೆ ಬಂದಾಗ ಗಣಕ ಡಿಸ್ಕನ್ನು ಪರೀಕ್ಷಿಸಿಕೊಳ್ಳುತ್ತದೆ. ತಾನೇ ಸರಿಪಡಿಸಿಕೊಂಡರೆ ಸರಿ. ಆಗದಿದ್ದರೆ ಕರಿ ಪರದೆಯಲ್ಲಿ ನಿಂತು ನಿರ್ವಾಹಕನ ಗುಪ್ತಪದ ಕೊಡು ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಮನುಷ್ಯ ಗಾಬರಿಯಾದಾಗ ಬಾಯಿಗೆ ಬರುವುದು ತಾಯ್ನುಡಿ. ಅದೇ ಗಳಿಗೆಯಲ್ಲಿ ಯಂತ್ರ ಪರನುಡಿಯಲ್ಲಿ ಪಾಠ ಒಪ್ಪಿಸುತ್ತದೆ!

ಗಣಕ ಮುಚ್ಚುವಾಗಿನ ಕಥೆ ಇದಕ್ಕಿಂತ ಕಷ್ಟದ್ದು. ಯಾವುದೋ ಕಾರ್ಯಕ್ರಮ ತನ್ನ ಕೆಲಸ ಮುಗಿಸಿಕೊಳ್ಳದೆ ಎಳೆದಾಡಿದರೆ ಸಿಸ್ಟಮ್‌ಡಿ ಅದಕ್ಕೆ ಸಾಮಾನ್ಯವಾಗಿ 90 ಸೆಕೆಂಡುಗಳ ಗಡುವು ಕೊಡುತ್ತದೆ. ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಎಂದು ಬರೆದು ಕಾಯುತ್ತದೆ. ಇಂಗ್ಲಿಷ್ ಬಾರದ ಹಿರಿಯರು ಇದನ್ನು ಕಂಡರೆ ಏನು ಮಾಡುತ್ತಾರೆ? ಯಂತ್ರ ಕೆಟ್ಟಿತೆಂದು ಪ್ಲಗ್ ಕೀಳುತ್ತಾರೆ. ಹಾಗೆ ಕಿತ್ತರೆ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲಬಹುದು. ‘ಒಂದು ಕೆಲಸ ಮುಗಿಯುತ್ತಿದೆ, ಒಂದೂವರೆ ನಿಮಿಷ ತಡೆಯಿರಿ’ ಎಂದು ಕನ್ನಡದಲ್ಲಿ ಬರೆದಿದ್ದರೆ ನಿಮ್ಮ ತಾಯಿ ಒಂದು ಲೋಟ ನೀರು ಕುಡಿದು ಬರುತ್ತಿದ್ದರು. ಭಾಷೆಯ ಪ್ರಶ್ನೆ ಬರೀ ಅಭಿಮಾನದ ಪ್ರಶ್ನೆ ಎನ್ನುವವರಿಗೆ ಇದನ್ನು ಹೇಳಿ.

ಇದಕ್ಕೆ ತಾಂತ್ರಿಕ ಕಾರಣವೂ ಇದೆ. ಲಿನಕ್ಸಿನ ಕರಿ ಪರದೆ ಹಳೆಯ ಕಾಲದ ಟೈಪ್‌ರೈಟರ್ ಇದ್ದಂತೆ. ಒಂದು ಅಕ್ಷರಕ್ಕೆ ಒಂದು ಚೌಕ, ಎಲ್ಲ ಸೇರಿ 256 ಅಥವಾ 512 ಆಕಾರಗಳು ಮಾತ್ರ. ಇಂಗ್ಲಿಷಿಗೆ ಅದು ಸಾಕು ಮತ್ತು ಮಿಕ್ಕುತ್ತದೆ. ನಮ್ಮ ‘ಸ್ತ್ರೀ’ಯನ್ನು, ‘ರಾಷ್ಟ್ರ’ವನ್ನು ಆ ಚೌಕದೊಳಗೆ ಕೂರಿಸುವುದು ಹೇಗೆ? ಒತ್ತು, ಕೊಂಬು, ದೀರ್ಘಗಳನ್ನು ಜೋಡಿಸುವ ಜಾಣ್ಮೆ ಅದಕ್ಕಿಲ್ಲ. ಆದರೆ ಇದು ಅರ್ಧ ಸತ್ಯ ಮಾತ್ರ! ಇವತ್ತು ಬಹುತೇಕ ಮನೆಗಣಕಗಳು ಏಳುವಾಗ ಆ ಕರಿ ಪರದೆಯ ಮುಂದೆ ಒಂದು ಚಿತ್ರದ ತೆರೆ ಇಳಿಬಿಡುತ್ತವೆ. ‘ಪ್ಲಿಮತ್’ ಎಂಬ ತಂತ್ರಾಂಶದ ಕೆಲಸ ಅದು. ಅಕ್ಷರ ಮೂಡಿಸಲು ಅದು ಬಳಸಬಲ್ಲ ‘ಪ್ಯಾಂಗೋ’ ಎಂಬ ಜೋಡಣೆಗಾರನಿಗೆ ಕನ್ನಡದ ಒತ್ತಕ್ಷರ ಚೆನ್ನಾಗಿ ಬರುತ್ತದೆ. ಅಂದರೆ ಆರಂಭದ ಮಾತನ್ನು ಕನ್ನಡದಲ್ಲಿ ಹೇಳಿಸುವ ದಾರಿ ಇದೆ. ದಾರಿಯಲ್ಲಿ ನಡೆಯುವ ಕನ್ನಡಿಗ ಬೇಕು.

ಆ ತೆರೆ ಸರಿದ ಮೇಲಿನ ಕಥೆಯೇ ಬೇರೆ. ಅಲ್ಲಿಂದ ಮುಂದೆ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಸ್ಥಾನ ಸಿಕ್ಕಿದೆ. ಡೆಬಿಯನ್ ಅನುಸ್ಥಾಪನೆ ಶುರುಮಾಡಿದರೆ ಮೊದಲ ಪ್ರಶ್ನೆಯೇ ಭಾಷೆ ಯಾವುದೆಂಬುದು. ಪಟ್ಟಿಯಲ್ಲಿ ‘ಕನ್ನಡ’ ಎಂದು ನಮ್ಮ ಅಕ್ಷರದಲ್ಲೇ ಇದೆ. ಒಂದು ಎಚ್ಚರ: ಚಿತ್ರಸಹಿತ ಅನುಸ್ಥಾಪನೆಯನ್ನೇ ಆರಿಸಬೇಕು. ಬರೀ ಪಠ್ಯದ ಅನುಸ್ಥಾಪನೆಯಲ್ಲಿ ಕನ್ನಡ ಕಾಣಿಸುವುದೇ ಇಲ್ಲ, ಮೇಲೆ ಹೇಳಿದ ಚೌಕದ ಕಾರಣಕ್ಕೆ. ಅನುವಾದ ಪೂರ್ತಿಯಾಗಿಲ್ಲ, ಮುಂದುವರಿಯಬೇಕೇ ಎಂಬ ಎಚ್ಚರಿಕೆ ಬಂದರೆ ಹೆದರಿ ಇಂಗ್ಲಿಷಿಗೆ ಓಡಬೇಡಿ. ಹೌದು ಎನ್ನಿ. ನಡುವೆ ನಾಲ್ಕು ಸಾಲು ಇಂಗ್ಲಿಷ್ ಬಂದರೆ ಆಕಾಶ ಬೀಳುವುದಿಲ್ಲ. ಈಗಾಗಲೇ ಇಂಗ್ಲಿಷಿನಲ್ಲಿ ಹಾಕಿಕೊಂಡವರೂ ಅಳಿಸಿ ಮತ್ತೆ ಹಾಕಬೇಕಿಲ್ಲ. ಇಡೀ ಗಣಕದ ಭಾಷೆ ಒಂದು ಪುಟ್ಟ ಕಡತದ ಒಂದೇ ಸಾಲಿನಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಬದಲಿಸಿದರೆ ಮುಂದಿನ ಬಾರಿ ಒಳಹೊಕ್ಕಾಗ ಕನ್ನಡ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳಿಗೂ ಕನ್ನಡದ ಮುಖವಿದೆ. ಅಕ್ಷರಶೈಲಿಗಳೂ ಇವೆ. ಎರಡರ ಹೆಸರು ಗುಬ್ಬಿ ಮತ್ತು ನವಿಲು!

ಮನೆಮಾತು ತುಳುವಾಗಿದ್ದವರು, ಕೊಂಕಣಿ, ಬ್ಯಾರಿ ಆಗಿದ್ದವರು ಇದು ತಮಗಲ್ಲ ಎಂದು ಪುಟ ಮಗುಚಬೇಡಿ. ಲಿನಕ್ಸಿನ ಭಾಷಾಪಟ್ಟಿಯಲ್ಲಿ ತುಳುವಿಗೂ ಕೊಂಕಣಿಗೂ ಜಾಗವಿದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್ 16ರಲ್ಲಿ ಸೇರಿತು. ಅನುವಾದದ ಹೊರೆ ಅಲ್ಲಿ ಇನ್ನೂ ಹೆಚ್ಚು, ನಿಜ. ಆದರೆ ಬಾಗಿಲು ಹಾಕಿಲ್ಲ.

ಕೀಲಿಮಣೆಯ ಮಾತು ಬಂದಾಗ ಮಂಗಳೂರಿನವರು ಎದೆಯುಬ್ಬಿಸಬಹುದು. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಬರೀ ‘ಕನ್ನಡ’ ಎಂದಿರುವುದು ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದರ ಜೊತೆಗೇ ‘ಕಗಪ’ ಎಂದು ಇನ್ನೊಂದಿದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಆ ವಿನ್ಯಾಸದ ಮೂಲಪುರುಷರು ಕೆ.ಪಿ. ರಾವ್. ಪೂರ್ತಿ ಹೆಸರು ಕಿನ್ನಿಕಂಬಳ ಪದ್ಮನಾಭ ರಾವ್. ಕಿನ್ನಿಕಂಬಳ ಎಲ್ಲಿದೆ ಎಂದು ನಿಮಗೆ ಹೇಳಬೇಕೇ? ಕೈಕಂಬದ ಬಸ್ಸು ಹತ್ತಿದವರಿಗೆಲ್ಲ ಗೊತ್ತು. 1940ರಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಸಮಸ್ತ ಅಕ್ಷರಗಳನ್ನೂ ಉಚ್ಚಾರದ ಆಧಾರದಲ್ಲಿ ಕೂರಿಸಿದವರು. ತಾವು ಮಾಡಿದ ಅಕ್ಷರಜೋಡಣೆಯ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಒತ್ತಕ್ಷರಕ್ಕೆ ‘ಎಫ್’ ಕೀಲಿ ಒತ್ತುವ ಆ ಪದ್ಧತಿ ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಪಟ್ಟಿಯಲ್ಲಿ ಸಿಗುತ್ತದೆ. ಅವರ ಊರಿನ ಪಕ್ಕದಲ್ಲೇ ಕೂತು ನಾವು ಅದನ್ನು ಆರಿಸದೆ ಬಿಡುವುದೇ?

ಗುಪ್ತಪದ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಕರಿ ಪರದೆಗೆ ಬಿದ್ದ ದಿನ ಅದನ್ನು ಒತ್ತಲು ಕನ್ನಡ ಕೀಲಿಮಣೆ ಇರುವುದಿಲ್ಲ. ಇದು ಅಭಿಮಾನದ ವಿಷಯವಲ್ಲ, ಬುದ್ಧಿವಂತಿಕೆಯ ವಿಷಯ.

ಇದಕ್ಕಿಂತ ದೊಡ್ಡ ಎಚ್ಚರ ಹಳೆಯ ಕಡತಗಳದ್ದು. 1990ರ ದಶಕದ ಕೊನೆಯಿಂದ ನಾವೆಲ್ಲ ‘ಬರಹ’ದಲ್ಲೋ ‘ನುಡಿ’ಯಲ್ಲೋ ಬರೆದು ಗುಡ್ಡೆ ಹಾಕಿದ್ದೇವೆ: ಅಜ್ಜನ ಆತ್ಮಕಥೆ, ಪ್ರಸಂಗದ ಪದ್ಯಗಳು, ಸಂಘದ ವರದಿ, ಜಾಗದ ದಾವೆಯ ಅರ್ಜಿ. ಅದರಲ್ಲಿ ಬಹಳಷ್ಟು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ವೇಷ ತೊಡಿಸಿದ್ದು ಮಾತ್ರ. ಆ ಅಕ್ಷರಶೈಲಿಯಿಲ್ಲದ ಹೊಸ ವ್ಯವಸ್ಥೆಯಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಆದ್ದರಿಂದ ಹಳೆಯ ವಿಂಡೋಸ್ ಇನ್ನೂ ಏಳುತ್ತಿರುವಾಗಲೇ ಆ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಸಿಗುತ್ತವೆ. ಮಾಡಿದ ಮೇಲೆ ಅರ್ಕಾವೊತ್ತು ಸರಿಯಾಗಿದೆಯೇ ಎಂದು ಕಣ್ಣಿಟ್ಟು ಓದಿ, ಪರಿವರ್ತಕಗಳು ಎಡವುವ ಜಾಗ ಅದು.

ಬದಲಾವಣೆಗೆ ಅಂಜುವ ಊರಲ್ಲ ಇದು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಹೊರತಂದದ್ದು ಇಲ್ಲಿಯೇ, ಕಲ್ಲಚ್ಚಿನಲ್ಲಿ. ಮರುವರ್ಷವೇ ಪತ್ರಿಕೆ ಅಚ್ಚುಮೊಳೆಯನ್ನು ಹುಡುಕಿಕೊಂಡು ಬಳ್ಳಾರಿಗೆ ಹೋಯಿತು. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದು ಬಾಸೆಲ್ ಮಿಷನ್ನಿನ ಮಂಗಳೂರು ಮುದ್ರಣಾಲಯದಲ್ಲಿ. ಕಲ್ಲು ಹೋಗಿ ಸೀಸ ಬಂತು, ಸೀಸ ಹೋಗಿ ಗಣಕ ಬಂತು. ಪ್ರತಿ ಸಲವೂ ಯಾರೋ ಕೂತು ಕನ್ನಡದ ಒತ್ತಕ್ಷರಗಳನ್ನು ಹೊಸ ಯಂತ್ರಕ್ಕೆ ಒಪ್ಪಿಸಿದರು. ತಾನಾಗಿ ಒಪ್ಪಿಕೊಂಡ ಯಂತ್ರ ಒಂದೂ ಇಲ್ಲ.

ತಲಪಾಡಿ ದಾಟಿ ಕಾಸರಗೋಡಿನ ಕಡೆ ನೋಡಿ. ಕೇರಳ ತನ್ನ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸನ್ನೇ ಕಲಿಸುತ್ತಿದೆ. ‘ಕೈಟ್’ ಎಂಬ ಸರ್ಕಾರಿ ಸಂಸ್ಥೆ ಶಾಲೆಗಳಿಗೆಂದೇ ಅದನ್ನು ಸಿದ್ಧಪಡಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕದ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ನೆಲ ಕಳೆದುಕೊಂಡೆವೆಂದು ನಾವು ಕಣ್ಣೀರಿಡುವ ಕಾಸರಗೋಡಿನ ಮಗು ಶಾಲೆಯಲ್ಲೇ ಈ ಗಣಕ ಕಲಿತು ಬರುತ್ತದೆ. ಕನ್ನಡದ್ದೇ ರಾಜ್ಯವಾದ ನಮ್ಮಲ್ಲಿ? ಶಿಕ್ಷಣ ಇಲಾಖೆ ಉತ್ತರಿಸಲಿ.

ವಿಂಡೋಸ್ ಬಿಡಲಾಗದವರೂ ಇದ್ದಾರೆ. ಅಂಗಡಿಯ ಲೆಕ್ಕದ ತಂತ್ರಾಂಶ, ಕಚೇರಿಯ ಕೆಲಸ, ಕಾರಣ ನೂರು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವಿಂಡೋಸ್ 11ರಲ್ಲೂ ಕನ್ನಡ ಸಿಗುತ್ತದೆ. ಇಂಗ್ಲಿಷಿನ ಗೋಡೆಯ ಮೇಲೆ ಬಳಿದ ಸುಣ್ಣದಂತೆ, ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ. ಆದರೂ ಹಾಕಿಕೊಳ್ಳಿ. ಅಂಗಡಿಯಲ್ಲಿ ಹೊಸ ಯಂತ್ರ ಕೊಳ್ಳುವಾಗ ‘ಕನ್ನಡ ಹಾಕಿಯೇ ಕೊಡಿ’ ಎಂದು ಹೇಳಿ. ಹತ್ತು ಗಿರಾಕಿ ಕೇಳಿದರೆ ಹನ್ನೊಂದನೆಯವನಿಗೆ ಕೇಳದೆಯೇ ಹಾಕಿಕೊಡುತ್ತಾರೆ.

ಹೋರಾಟಗಾರ ಗೆಳೆಯರಿಗೆ ಒಂದು ಮಾತು. ಈ ತಂತ್ರಾಂಶಗಳ ಕನ್ನಡ ಅನುವಾದ ಅರ್ಧಂಬರ್ಧ ಇದ್ದರೆ ಧಿಕ್ಕಾರ ಕೂಗಲು ಎದುರಿಗೆ ಕಂಪನಿಯಿಲ್ಲ, ಮಸಿ ಬಳಿಯಲು ಫಲಕವಿಲ್ಲ. ಅಲ್ಲಿರುವುದು ಖಾಲಿ ಸಾಲುಗಳು. ಎಡಗಡೆ ಇಂಗ್ಲಿಷ್ ವಾಕ್ಯ, ಬಲಗಡೆ ಖಾಲಿ. ಯಾರು ಬೇಕಾದರೂ ತುಂಬಬಹುದು. ಪರಿಶೀಲನೆಯ ಬಳಿಕ ಮುಂದಿನ ಆವೃತ್ತಿಯಲ್ಲಿ ಲೋಕದ ಎಲ್ಲ ಕನ್ನಡಿಗರ ಗಣಕಕ್ಕೆ ಹೋಗುತ್ತದೆ. ಇದುವರೆಗಿನದ್ದನ್ನು ಮಾಡಿದವರು ಬೆರಳೆಣಿಕೆಯ ಸ್ವಯಂಸೇವಕರು, ಬಹುತೇಕ ನಮಗೆ ಹೆಸರೂ ಗೊತ್ತಿಲ್ಲದವರು. ಕನ್ನಡ ಎಂಎ ಓದಿದ ಹುಡುಗಿ, ಗಣಕ ಬಲ್ಲ ಇಂಜಿನಿಯರಿಂಗ್ ಹುಡುಗ, ನಿವೃತ್ತ ಕನ್ನಡ ಪಂಡಿತರು ಒಂದು ಮೇಜಿನ ಸುತ್ತ ಕೂತರೆ ಸಂಜೆಗೆ ನೂರು ವಾಕ್ಯ ಆದೀತು. ಆದರೆ ದಯವಿಟ್ಟು ‘ಅನುಸ್ಥಾಪನೋತ್ತರ ಪರಿಷ್ಕರಣ’ ಎಂಬಂಥ ಕಬ್ಬಿಣದ ಕಡಲೆ ಬೇಡ. ‘ತಡೆಯಿರಿ’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ‘ಫೈಲ್’ ಎಂದು ಜನ ಹೇಳುತ್ತಿದ್ದರೆ ‘ಫೈಲ್’ ಎಂದೇ ಬರೆಯಿರಿ. ಪರದೆಯ ಕನ್ನಡ ನೋಡಿ ಜನ ಮತ್ತೆ ಇಂಗ್ಲಿಷಿಗೇ ಓಡುವುದಕ್ಕೆ ಅರ್ಧ ಕಾರಣ ಇಂಥ ಪಾಂಡಿತ್ಯವೇ!

ಮನೆಯವರನ್ನು ಒಪ್ಪಿಸುವುದು ಹೇಗೆ ಎನ್ನುತ್ತೀರಾ? ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ತೋರಿಸಿ. ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು, ಹಳೆಯದು ಹಾಗೇ ಇರುತ್ತದೆ. ಇಷ್ಟವಾದರೆ ಡಿಸ್ಕಿನ ಒಂದು ಭಾಗದಲ್ಲಿ ಹೊಸದನ್ನು ಹಾಕಿ, ಕೆಲವು ತಿಂಗಳು ಎರಡನ್ನೂ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಫೋಟೋಗಳನ್ನೂ ಪರಿವರ್ತಿಸಿದ ಕಡತಗಳನ್ನೂ ಬೇರೆ ಡಿಸ್ಕಿಗೆ ಪ್ರತಿ ಮಾಡಿ ಬೀರುವಿನಲ್ಲಿಡಿ. ಭಾಷೆ ಕೇಳುವ ಮೊದಲ ಪರದೆ ಬಂದಾಗ ಮನೆಯ ಹಿರಿಯರನ್ನು ಕರೆದು ಅವರ ಕೈಯಿಂದಲೇ ‘ಕನ್ನಡ’ ಒತ್ತಿಸಿ. ಎಲ್ಲ ಸೇರಿ ಒಂದು ಭಾನುವಾರದ ಮಧ್ಯಾಹ್ನದ ಕೆಲಸ. ಗುಡುಗು ಸಿಡಿಲಿಲ್ಲದ ಭಾನುವಾರ ನೋಡಿಕೊಳ್ಳಿ.